ಮಳೆ ತಡೆ ಅಂದಿರಿ, ತಡೆದೆ ಮಾರಾಯ್ರೇ!
(ಹಿತ್ತಲಿನ ಪಾಲಿಹೌಸಿನೊಂದಿಗೆ ಒಂದು ಬೆವರಿನ ಸಂದರ್ಶನ)

ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ ಹನ್ನೆರಡೂವರೆ. ಹೊನ್ನೆಮರಡಿನಲ್ಲಿ ಶರಾವತಿ ಹಿನ್ನೀರು ದಡ ಬಿಟ್ಟು ದೂರ ಸರಿದು, ಮಳೆಗಾಲದಲ್ಲಿ ಮುಳುಗಿದ್ದ ಮರದ ಬೊಡ್ಡೆಗಳೆಲ್ಲ ತಲೆ ಹೊರಹಾಕಿ ನಿಂತಿವೆ. ನಮ್ಮ ಹಿತ್ತಲಲ್ಲಿ ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಒಂದು ಪ್ಲಾಸ್ಟಿಕ್ ಮನೆ. ಅಡಿಕೆ ದಬ್ಬೆಯ ಹಂದರ, ಮೇಲೆ 200 ಮೈಕ್ರಾನಿನ ಹಾಳೆ, ಒಳಗೆ ನಲವತ್ತು ಟೊಮೆಟೊ ಗಿಡ. ಹದಿನೈದು ದಿನದಿಂದ ಅವುಗಳ ಹೂವು ಉದುರುತ್ತಿದೆ. ಎಲೆಗಳು ದೊನ್ನೆಯ ಹಾಗೆ ಮೇಲಕ್ಕೆ ಮಡಚಿಕೊಂಡಿವೆ. ಉಳಿದ ನಾಲ್ಕೈದು ಹಣ್ಣು ಕೆಂಪಾಗುವುದನ್ನು ಮರೆತು ಹಳದಿಯಲ್ಲೇ ನಿಂತಿವೆ. ತಪ್ಪು ಯಾರದೆಂದು ಮನೆಯಲ್ಲಿ ಪಂಚಾಯಿತಿ ನಡೆದು ತೀರ್ಪೂ ಬಂದಾಗಿದೆ: ಪಾಲಿಹೌಸಿನದು. ಆದರೆ ಆರೋಪಿಯ ಹೇಳಿಕೆ ದಾಖಲಾಗಿರಲಿಲ್ಲ. ಒಂದು ನೋಟ್‌ಬುಕ್ಕು, ಒಂದು ಚೊಂಬು ನೀರು ಹಿಡಿದು ಒಳಗೆ ಹೋದೆ. ಮಂಗ ನುಗ್ಗದಿರಲಿ ಎಂದು ಬಾಗಿಲು ಎಳೆದುಕೊಂಡೆ. ಕನ್ನಡಕದ ಮೇಲೆ ಹಬೆ ಕೂತಿತು. ಗೂಟಕ್ಕೆ ನೇತುಹಾಕಿದ್ದ ಉಷ್ಣಮಾಪಕದಲ್ಲಿ 46 ಡಿಗ್ರಿ.

ನಾನು: ನಮಸ್ಕಾರ. ಹೇಗಿದ್ದೀರಿ?

ಪಾಲಿಹೌಸ್: ಒಳಗೆ ಬಂದವರು ನೀವು. ನೀವೇ ಹೇಳಿ.

ನಾನು: ಸೆಕೆ. ಉಸಿರು ಕಟ್ತಾ ಇದೆ.

ಪಾಲಿಹೌಸ್: ಬಂದು ಎರಡು ನಿಮಿಷ ಆಯ್ತು. ಈ ಗಿಡಗಳು ಬೆಳಿಗ್ಗೆ ಎಂಟರಿಂದ ನಿಂತಿವೆ. ನಿಮಗಾದರೆ ಎದ್ದು ಹೋಗಿ ಜಗಲಿ ಮೇಲೆ ಮಲಗೋಕೆ ಕಾಲಿದೆ.

ನಾನು: ಅದಕ್ಕೇ ಬಂದದ್ದು. ನಲವತ್ತು ಗಿಡಗಳನ್ನು ಜೀವಂತ ಬೇಯಿಸಿದ ಆರೋಪ ನಿಮ್ಮ ಮೇಲಿದೆ.

ಪಾಲಿಹೌಸ್: ಒಂದು ನಿಮಿಷ. ನನ್ನನ್ನು ಕಟ್ಟಿದ್ದು ಎಂತಕ್ಕೆ, ನೆನಪಿದೆಯಾ? ಜಗಲಿಯಲ್ಲಿ ಕೂತು ಮಳೆಗೆ ಬೈತಾ ಇದ್ದಿರಿ. ಟೊಮೆಟೊ ನೆಟ್ಟ ಮೊದಲ ಎರಡು ಸಲವೂ ಅಂಗಮಾರಿ ಬಂದು ಗಿಡ ಕರಟಿ ಹೋಗಿತ್ತು. ಮೂರನೇ ಸಲ ಸೊರಗು ರೋಗ. ನಿಮ್ಮ ಭಾವ ಬಂದು ಕಾಂಡ ಕೊಯ್ದು ನೀರಿನ ಲೋಟಕ್ಕೆ ಇಳಿಬಿಟ್ಟರು. ಹಾಲಿನ ಎಳೆಯ ಹಾಗೆ ಬಿಳೀದು ಇಳೀತು. ‘ಇದು ಮಣ್ಣಲ್ಲಿರೋ ಬ್ಯಾಕ್ಟೀರಿಯಾ’ ಅಂದರು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ತಡೆಯೋ ‘ಅರ್ಕಾ ರಕ್ಷಕ್’ ಅಂತ ತಳಿ ಮಾಡಿದ್ದಾರೆ, ಅದನ್ನು ಹಾಕಿ ಅಂದರು. ಅದು ನಿಮ್ಮ ಕಿವಿಗೆ ಬೀಳಲಿಲ್ಲ. ನಿಮ್ಮ ಕಣ್ಣು ಫೋನಿನಲ್ಲಿತ್ತು.

ನಾನು: ಅದು ಬೇರೆ ವಿಷಯ.

ಪಾಲಿಹೌಸ್: ಬೇರೆ ಹೇಗಾಗುತ್ತೆ? 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತಲ್ಲ, ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರದ ಮೇಲೆ ಹೋಯ್ತಲ್ಲ, ಹೊಲದಿಂದ ಟೊಮೆಟೊ ಕದ್ದರು ಅಂತ ಪೇಪರಿನಲ್ಲಿ ಬಂತಲ್ಲ, ಆವತ್ತಿಂದ ನಿಮ್ಮ ತಲೆಯೊಳಗೆ ಟೊಮೆಟೊ ಕೂತಿದೆ. ಆಮೇಲೆ ಬೆಲೆ ಬಿದ್ದು ರಸ್ತೆ ಬದಿ ಸುರಿದಾಗ ಮಾತ್ರ ನೀವು ಪೇಪರು ಓದಲಿಲ್ಲ. ಇರಲಿ. ನನಗೆ ಕೊಟ್ಟ ಕೆಲಸ ಒಂದೇ: ಮಳೆ ಒಳಗೆ ಬರಬಾರದು. ಜೂನಿನಿಂದ ಅಕ್ಟೋಬರ್ ತನಕ ಒಂದು ಹನಿ ಬಿಟ್ಟಿದ್ದೇನಾ?

ನಾನು: ಇಲ್ಲ.

ಪಾಲಿಹೌಸ್: ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಮೇಲೆ ಮಳೆ. ಹೊಸನಗರದ ಹುಲಿಕಲ್ಲಿನದ್ದೂ ಅದೇ ಕತೆ. ಇಲ್ಲಿ ಅಷ್ಟಿಲ್ಲ, ಆದರೆ ಈ ಹಾಳೆಯನ್ನು ಹರಿಯೋಕೆ ಇಷ್ಟು ಸಾಕು. ನಾನು ಹರಿಯಲಿಲ್ಲ. ದೀಪಾವಳಿಗೆ ಎರಡು ಬುಟ್ಟಿ ಹಣ್ಣು ಕೊಟ್ಟೆ. ಆಗ ಬಂದ ನೆಂಟರಿಗೆಲ್ಲ ‘ನಮ್ಮ ಪಾಲಿಹೌಸು’ ಅಂತ ತೋರಿಸಿದಿರಿ. ಈಗ ಬಿಸಿಲು ಬಂತು, ‘ನಮ್ಮ’ ಅನ್ನೋದು ಹೋಯ್ತು.

ನಾನು: ಮಳೆ ತಡೆದಿದ್ದೀರಿ, ಸರಿ. ಆದರೆ ಬಿಸಿಲನ್ನು ಒಳಗೆ ಬಿಟ್ಟು ಹೊರಗೆ ಹೋಗದ ಹಾಗೆ ಹಿಡಿದಿಟ್ಟಿದ್ದೀರಲ್ಲ. ಅದೇ ಹಸಿರುಮನೆ ಪರಿಣಾಮ ಅಂತ ಎಂಟನೇ ಕ್ಲಾಸಿನಲ್ಲೇ ಓದಿದ್ದೇನೆ.

ಪಾಲಿಹೌಸ್: ಎಲ್ಲರೂ ಅಲ್ಲಿಗೇ ಬಂದು ನಿಲ್ಲುತ್ತೀರಿ. 1909ರಲ್ಲಿ ರಾಬರ್ಟ್ ವುಡ್ ಅಂತ ಒಬ್ಬ ಭೌತವಿಜ್ಞಾನಿ ಎರಡು ಪೆಟ್ಟಿಗೆ ಮಾಡಿದ. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಕಲ್ಲುಪ್ಪಿನ ಫಲಕದ ಮುಚ್ಚಳ. ಗಾಜು ಒಳಗಿನ ಶಾಖಕಿರಣವನ್ನು ತಡೆಯುತ್ತೆ, ಕಲ್ಲುಪ್ಪು ಬಿಟ್ಟುಬಿಡುತ್ತೆ. ಬಿಸಿಲಿಗಿಟ್ಟ. ಎರಡೂ ಹೆಚ್ಚುಕಡಿಮೆ ಒಂದೇ ಸಮ ಕಾದವು. ಅಂದರೆ ಕಾಯೋದಕ್ಕೆ ಮುಖ್ಯ ಕಾರಣ ಕಿರಣ ಸಿಕ್ಕಿಬೀಳೋದಲ್ಲ, ಗಾಳಿ ಸಿಕ್ಕಿಬೀಳೋದು. ನನ್ನ ಮೈಯೋ ಬರೀ ಪಾಲಿಥೀನ್. ಶಾಖಕಿರಣವನ್ನು ಗಾಜಿನಷ್ಟು ಸಹ ಹಿಡಿಯೋ ಯೋಗ್ಯತೆ ನನಗಿಲ್ಲ. ಬಿಸಿಲಿಗೆ ನೆಲ ಕಾಯುತ್ತೆ, ನೆಲ ಗಾಳಿಯನ್ನು ಕಾಯಿಸುತ್ತೆ, ಕಾದ ಗಾಳಿ ಮೇಲೆ ಹೋಗುತ್ತೆ. ಹೋಗಿ ಎಲ್ಲಿಗೆ ಮುಟ್ಟಬೇಕು? ನನ್ನ ಹೊಟ್ಟೆಗೇ. ಕಿಂಡಿ ಇಟ್ಟಿದ್ದೀರಾ ಎಲ್ಲಾದರೂ?

ನಾನು: ಬಾಗಿಲಿದೆಯಲ್ಲ.

ಪಾಲಿಹೌಸ್: ಮೂರಡಿ ಅಗಲ, ಆರಡಿ ಎತ್ತರ. ಹದಿನೆಂಟು ಚದರಡಿ. ಅದೂ ಮಂಗನ ಹೆದರಿಕೆಗೆ ಮುಚ್ಚಿರೋದೇ ಹೆಚ್ಚು. ನೆಲ ಇರೋದು ಇನ್ನೂರು ಚದರಡಿ. ಗಾಳಿ ಆಡಬೇಕಾದರೆ ನೆಲದ ಐದನೇ ಒಂದು ಪಾಲಿನಷ್ಟಾದರೂ ತೆರಪು ಬೇಕು, ಅಂದರೆ ನಲವತ್ತು ಚದರಡಿ. ಅದೂ ಒಂದೇ ಕಡೆ ಅಲ್ಲ. ತಂಪು ಗಾಳಿ ಒಳಗೆ ಬರೋಕೆ ಕೆಳಗೊಂದು, ಬಿಸಿ ಗಾಳಿ ಹೊರಗೆ ಹೋಗೋಕೆ ಮೇಲೊಂದು. ನಿಮ್ಮ ಅಜ್ಜನ ಮನೆಯ ಅಡುಗೆಮನೆಗೆ ಹೊಗೆಗೂಡು ಇತ್ತಾ?

ನಾನು: ಇರಲಿಲ್ಲ.

ಪಾಲಿಹೌಸ್: ಮತ್ತೆ ಒಲೆಯ ಹೊಗೆ ಎಲ್ಲಿಂದ ಹೋಗ್ತಿತ್ತು?

ನಾನು: ಹಂಚಿನ ಸಂದಿಯಿಂದ.

ಪಾಲಿಹೌಸ್: ಬೆಳಿಗ್ಗೆ ಗುಡ್ಡದ ಮೇಲೆ ನಿಂತು ನೋಡಿದರೆ ಇಡೀ ಮಾಡು ಉಸಿರಾಡ್ತಾ ಇರೋ ಹಾಗೆ ಕಾಣ್ತಿತ್ತು ಅಂತ ನೀವೇ ಒಂದು ಲೇಖನ ಬರೆದಿದ್ದೀರಿ. ಬಹಳ ಚೆನ್ನಾಗಿತ್ತಂತೆ. ಅದನ್ನು ಬರೆದ ಮನುಷ್ಯ ನನ್ನನ್ನು ಕಟ್ಟುವಾಗ ಹಾಳೆಯ ಅಂಚನ್ನು ನಾಲ್ಕೂ ಕಡೆ ಮಣ್ಣಲ್ಲಿ ಹೂತ.

ನಾನು: ವಿಡಿಯೋದಲ್ಲಿ ಹಾಗೇ ಮಾಡಿದ್ದರು.

ಪಾಲಿಹೌಸ್: ಆ ವಿಡಿಯೋದವರ ಹಿಂದೆ ಏನು ಕಾಣ್ತಿತ್ತು?

ನಾನು: (ಯೋಚಿಸಿ) ಹಿಮ.

ಪಾಲಿಹೌಸ್: ಅವರಿಗೆ ಬೇಕಾದದ್ದು ಬೆಚ್ಚಗೆ. ಅವರು ಬಿಸಿಲನ್ನು ಚಿಲ್ಲರೆ ಕಾಸಿನ ಹಾಗೆ ಹೆಕ್ಕಿ ಹೆಕ್ಕಿ ಕೂಡಿಡೋ ಜನ. ನನ್ನ ಮೂಲಪುರುಷನೂ ಅಂಥ ಕಡೆಯವನೇ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಎಮ್ಮರ್ಟ್ ಅನ್ನೋ ಪ್ರೊಫೆಸರು ಗಾಜು ದುಬಾರಿ ಅಂತ 1948ರಲ್ಲಿ ಪ್ಲಾಸ್ಟಿಕ್ ಹಾಳೆ ಹೊದೆಸಿ ನನ್ನ ಮೊದಲ ತಲೆಮಾರನ್ನು ಕಟ್ಟಿದರು. ಅದೇ ವರ್ಷ ನಿಮ್ಮ ಜೋಗದಲ್ಲಿ ಕರೆಂಟು ಹುಟ್ಟಿತು. ಅಲ್ಲಿ ಚಳಿ ಹೊರಗಿಡೋಕೆ ಹುಟ್ಟಿದವನನ್ನು ಇಲ್ಲಿ ತಂದು, ನಡು ಬೇಸಿಗೆಯಲ್ಲಿ ನಿಲ್ಲಿಸಿ, ‘ಎಂತಕ್ಕೆ ಕಾಯ್ತೀಯ’ ಅಂತ ಕೇಳ್ತೀರಿ. ಸ್ವೆಟರನ್ನು ಹೊನ್ನಾವರಕ್ಕೆ ಕರೆದುಕೊಂಡು ಹೋಗಿ ಬೈದ ಹಾಗೆ.

(ಇಲ್ಲಿ ಸಂದರ್ಶಕ ಅರ್ಧ ಚೊಂಬು ನೀರು ಕುಡಿದ. ಗಿಡಗಳು ನೋಡುತ್ತಿದ್ದವು.)

ಇನ್ನೊಂದು ಲೆಕ್ಕ ಕೇಳಿ. ಸಾಗರ ಸೀಮೆ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸೂರ್ಯ ವರ್ಷಕ್ಕೆ ಎರಡು ಸಲ ನಿಮ್ಮ ನೆತ್ತಿಗೆ ಸರಿಯಾಗಿ ಬರ್ತಾನೆ. ಆಗಸ್ಟ್ ಮಧ್ಯದಲ್ಲಿ ಬಂದಾಗ ಮೋಡ ಇರುತ್ತೆ, ಯಾರಿಗೂ ಗೊತ್ತಾಗಲ್ಲ. ಇನ್ನೊಂದು ಸಲ ಬರೋದು ಏಪ್ರಿಲ್ ಕೊನೆಗೆ, ಅಂದರೆ ಈ ವಾರ. ಈಗ ನಡುಮಧ್ಯಾಹ್ನ ಒಂದು ಚದರ ಮೀಟರ್ ಜಾಗಕ್ಕೆ ಹತ್ತಿರ ಹತ್ತಿರ ಒಂದು ಕಿಲೋವ್ಯಾಟ್ ಬಿಸಿಲು ಬೀಳುತ್ತೆ. ನನ್ನ ನೆಲ ಹದಿನೆಂಟು ಚದರ ಮೀಟರು. ಬಚ್ಚಲಿನ ಎರಡು ಕಿಲೋವ್ಯಾಟಿನ ಗೀಸರು ಒಂಬತ್ತು ತಂದು ಇಲ್ಲಿ ಹಚ್ಚಿಟ್ಟರೆ ಎಷ್ಟೋ ಅಷ್ಟು.

ನಾನು: ಒಂಬತ್ತು ಗೀಸರ್!

ಪಾಲಿಹೌಸ್: ಮತ್ತೆ ಆ ಒಂಬತ್ತು ಗೀಸರು ಕಾಯಿಸಬೇಕಾದ ಗಾಳಿ ಎಷ್ಟಿದೆ ಗೊತ್ತಾ? ನನ್ನೊಳಗಿನ ಗಾಳಿಯೆಲ್ಲ ತೂಗಿದರೆ ಒಂದು ಸಿಮೆಂಟ್ ಚೀಲದಷ್ಟೂ ಆಗೋದಿಲ್ಲ. ದೊಡ್ಡ ದೊಡ್ಡ ಪಾಲಿಹೌಸುಗಳು ಹದಿನೈದು ಇಪ್ಪತ್ತಡಿ ಎತ್ತರ ಇರುತ್ತವೆ. ಬಿಸಿ ಗಾಳಿ ಮೇಲೆ ಅಟ್ಟದಲ್ಲಿ ನಿಂತು ಗಿಡಕ್ಕೆ ತಗಲದೆ ಹೊರಗೆ ಹೋಗುತ್ತೆ. ನೀವು ನನ್ನನ್ನು ನಿಮ್ಮ ತಲೆ ತಾಗದಿದ್ದರೆ ಸಾಕು ಅನ್ನೋ ಅಳತೆಗೆ ಕಟ್ಟಿದಿರಿ. ಸಣ್ಣ ಪಾತ್ರೆ ಬೇಗ ಕುದಿಯುತ್ತೆ, ಅಮ್ಮನ್ನ ಕೇಳಿ. ಬೆಳಿಗ್ಗೆ ಎಂಟಕ್ಕೆ 25 ಇದ್ದದ್ದು ನೀವು ತಿಂಡಿ ತಿಂದು ಪೇಪರು ಮುಗಿಸೋ ಹೊತ್ತಿಗೆ 40.

ನಾನು: ಟೊಮೆಟೊ ಬಿಸಿಲಿನ ಗಿಡ ಅಂತ ಎಲ್ಲರೂ ಹೇಳ್ತಾರಲ್ಲ?

ಪಾಲಿಹೌಸ್: ಬಿಸಿಲು ಬೇಕು, ಬೇಗೆ ಬೇಡ. ಹಗಲು 35 ದಾಟ್ತಾ ಹೋದರೆ ಹೂವಿನ ಪರಾಗ ಸಾಯುತ್ತೆ. ಕಾಯಿ ಕಚ್ಚೋದಿಲ್ಲ, ಹೂವು ತೊಟ್ಟು ಕಳಚಿ ಬೀಳುತ್ತೆ. ಇನ್ನೊಂದು ಮೋಸ ಇದೆ: ಪರಾಗ ಕೆಡೋದು ಹೂವು ಅರಳಿದ ದಿನ ಅಲ್ಲ, ಅದಕ್ಕೂ ಒಂದೂವರೆ ವಾರ ಮೊದಲು, ಮೊಗ್ಗಿನಲ್ಲೇ. ನೀವು ಇವತ್ತು ಜ್ಞಾನೋದಯವಾಗಿ ಎಲ್ಲ ಸರಿ ಮಾಡಿದರೂ ಮುಂದಿನ ವಾರದ ಹೂವು ಉದುರೇ ಉದುರುತ್ತೆ. ಆಗ ‘ಎಲ್ಲ ಮಾಡಿ ನೋಡಿದೆ, ಪ್ರಯೋಜನ ಇಲ್ಲ’ ಅಂತ ಕೈಬಿಡ್ತೀರಿ. ನಿಮ್ಮನ್ನು ನಾನು ಬಲ್ಲೆ.

ನಾನು: ಹಣ್ಣು ಯಾಕೆ ಕೆಂಪಾಗ್ತಾ ಇಲ್ಲ?

ಪಾಲಿಹೌಸ್: ಕೆಂಪು ಬಣ್ಣದ ಲೈಕೋಪೀನ್ 30, 32ರ ಮೇಲೆ ತಯಾರಾಗೋದು ನಿಲ್ಲಿಸುತ್ತೆ. ಹಳದಿ ಬಣ್ಣ ಮಾಡೋ ಕ್ಯಾರೋಟಿನ್‌ಗೆ ಆ ಹಠ ಇಲ್ಲ, ಅದು ದುಡೀತಾನೇ ಇರುತ್ತೆ. ಅದಕ್ಕೇ ಈ ಕಾಮಾಲೆ ಬಣ್ಣ. ಕಾಯಿ ಸ್ವಲ್ಪ ಬಣ್ಣ ತಿರುಗಿದ ಕೂಡಲೇ ಕೊಯ್ದು ಒಳಗೆ ನೆರಳಲ್ಲಿ ಇಟ್ಟರೆ ಅಲ್ಲೇ ಕೆಂಪಾಗುತ್ತೆ. ಗಿಡದಲ್ಲೇ ಹಣ್ಣಾಗಲಿ ಅಂತ ಕಾಯೋ ವೇದಾಂತ ಡಿಸೆಂಬರಿಗೆ ಸರಿ.

ನಾನು: ಎಲೆ ಮಡಚಿಕೊಳ್ಳೋದು? ಬಿಳಿನೊಣ ತರೋ ಎಲೆಮುಟುರು ರೋಗ ಅಂತ ನಾನು ಔಷಧಿ ಹೊಡೆದೆ.

ಪಾಲಿಹೌಸ್: ಹೊಡೆದಿರಿ, ಮೈಯೆಲ್ಲ ನೆನಪಿದೆ. ಎಲೆಮುಟುರಾದರೆ ಚಿಗುರು ಗಿಡ್ಡವಾಗಿ ಹಳದಿಯಾಗಿ ಮುದುಡುತ್ತೆ. ಇಲ್ಲಿ ಚಿಗುರು ಚೆನ್ನಾಗಿದೆ, ಕೆಳಗಿನ ಬಲಿತ ಎಲೆ ಮಾತ್ರ ದೊನ್ನೆಯಾಗಿದೆ. ಬಿಸಿಲಿಗೆ ಮೈ ಕಡಿಮೆ ಒಡ್ಡೋಣ ಅಂತ ಗಿಡ ಮಾಡಿಕೊಂಡ ಉಪಾಯ ಅದು. ಕೊಡೆ ಮಡಚಿಕೊಂಡವನಿಗೆ ಜ್ವರದ ಗುಳಿಗೆ ಕೊಟ್ಟ ಹಾಗಾಯ್ತು ನಿಮ್ಮ ಔಷಧಿ.

ನಾನು: ಒಪ್ಪಿದೆ. ಆದರೆ ನಾನೂ ಸುಮ್ಮನೆ ಕೂತಿಲ್ಲ. ಫ್ಯಾನ್ ತಂದಿದ್ದೇನೆ.

ಪಾಲಿಹೌಸ್: ಅಲ್ಲಿದೆ ನೋಡಿ, ಮೂಲೆಯಲ್ಲಿ. ಅದರ ರೆಕ್ಕೆಗೆ ಜೇಡ ಬಲೆ ಕಟ್ಟಿದೆ. ಬಹಳ ನೆಮ್ಮದಿಯ ಜಾಗ ಅಂತೆ ಅದಕ್ಕೆ. ಕೆಳಗಡೆ ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವ್ಯಾಟಿನ ಯಂತ್ರಗಳಿವೆ. ಅದಕ್ಕೆ ಬೇಕಾದ ನೀರು ನಿಲ್ಲಿಸೋಕೆ ಈ ಸೀಮೆಯ ಊರು, ಗದ್ದೆ, ತೋಟ ಮುಳುಗಿದವು. ಇಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಹೋದ ಕರೆಂಟು ಬರೋದು ನಾಲ್ಕಕ್ಕೆ. ಗಿಡ ಬೇಯೋದು ಹನ್ನೆರಡರಿಂದ ನಾಲ್ಕು. ಫ್ಯಾನಿಗೂ ಗಿಡಕ್ಕೂ ಮುಖಾಮುಖಿಯೇ ಆಗಿಲ್ಲ.

ನಾನು: ಸರಿ, ನೀರು ಸಿಂಪಡಿಸಿದೆನಲ್ಲ? ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ಪೈಪು ಹಿಡಿದು ಎಲ್ಲಾ ತೋಯಿಸಿದೆ.

ಪಾಲಿಹೌಸ್: ಬಾಗಿಲು ಮುಚ್ಚಿಕೊಂಡು. ಆಮೇಲೆ ಏನಾಯ್ತು ಅಂತ ಹೇಳಬೇಕಾ? ಕಡುಬು ಬೇಯಿಸೋ ಪಾತ್ರೆ ಆಯ್ತು. ನೀರು ಆವಿಯಾದರೆ ತಂಪಾಗುತ್ತೆ, ನಿಜ, ಆದರೆ ಆ ಆವಿ ಹೊರಗೆ ಹೋಗಬೇಕು. ಒಣ ಗಾಳಿ ಆಡೋ ಮಾರ್ಚ್ ತಿಂಗಳಲ್ಲಿ, ಎಲ್ಲ ತೆರೆದಿಟ್ಟು, ನೆಲ ತೋಯಿಸಿದರೆ ಎರಡು ಮೂರು ಡಿಗ್ರಿ ಇಳಿಯಬಹುದು. ಜೂನಿನ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತೆ, ಅಲ್ಲಿ ಈ ಆಟ ನಡೆಯೋದಿಲ್ಲ. ಅದಕ್ಕಿಂತ ನೀರನ್ನು ಬೆಳಿಗ್ಗೆ ಬುಡಕ್ಕೆ ಕೊಡಿ. ಗಿಡವೇ ದೊಡ್ಡ ಕೂಲರ್. ಬೇರಲ್ಲಿ ನೀರಿದ್ದರೆ ಎಲೆಯಿಂದ ಬೆವರಿ ತನ್ನ ಮೈ ತಾನೇ ತಣಿಸಿಕೊಳ್ಳುತ್ತೆ. ನೀರು ಮುಗೀತು ಅಂದರೆ ಎಲೆಯ ರಂಧ್ರ ಮುಚ್ಚಿಕೊಳ್ಳುತ್ತೆ, ಆಮೇಲೆ ಅದಕ್ಕೂ ಬಿಸಿಲಿಗೊಣಗಿಸಿದ ಬಟ್ಟೆಗೂ ವ್ಯತ್ಯಾಸ ಇಲ್ಲ. ನೀವು ಮೂರು ದಿನ ಮರೆತು ನಾಲ್ಕನೇ ದಿನ ಕೆರೆ ಕಟ್ಟಿ ನಿಲ್ಲಿಸ್ತೀರಿ. ಹಾಗೆ ಮಾಡಿದಾಗ ಸುಣ್ಣದಂಶ ಕಾಯಿಯ ತುದಿವರೆಗೆ ತಲುಪೋದಿಲ್ಲ, ಕಾಯಿಯ ಕುಂಡೆ ಕಪ್ಪಾಗಿ ಕೊಳೆಯುತ್ತೆ. ಬುಡಕ್ಕೆ ಒಣಗಿ ಉದುರಿದ ಎಲೆ, ದರಕು ಹಾಸಿ. ನಿಮ್ಮ ಸೊಪ್ಪಿನ ಬೆಟ್ಟದಲ್ಲಿ ಈಗ ಕಾಲಿಟ್ಟರೆ ಹೂತು ಹೋಗುವಷ್ಟು ದರಕಿದೆ. ಅಡಿಕೆ ಬುಡಕ್ಕೆ ಗಾಡಿಗಟ್ಟಲೆ ಹೋಗುತ್ತೆ, ಇಲ್ಲಿಗೆ ಒಂದು ಕಲ್ಲಿಯೂ ಬರಲಿಲ್ಲ.

ನಾನು: ಅಡಿಕೆ ಬೇರೆ. ಅದು ಅಪ್ಪನ ಕಾಲದಿಂದ ಬಂದದ್ದು.

ಪಾಲಿಹೌಸ್: ಈಗ ಸರಿಯಾದ ಜಾಗಕ್ಕೆ ಬಂದಿರಿ. ಅಪ್ಪನ ಕಾಲಕ್ಕೇ ಹೋಗೋಣ. ತೋಟದ ಪಡುವಣ ಅಂಚಿನ ಮರಗಳಿಗೆ ಅಪ್ಪ ಏನು ಮಾಡ್ತಿದ್ದರು?

ನಾನು: ಸೋಗೆ ಕಟ್ಟುತ್ತಿದ್ದರು. ನೈಋತ್ಯದ ಬಿಸಿಲು ಹೊಡೆದರೆ ಕಾಂಡ ಸುಟ್ಟು ಒಡೆಯುತ್ತೆ ಅಂತ.

ಪಾಲಿಹೌಸ್: ಸೋಗೆ ಸಾಲದಿದ್ದರೆ?

ನಾನು: ಸುಣ್ಣ ಬಳೀತಿದ್ದರು.

ಪಾಲಿಹೌಸ್: ಮಳೆಗಾಲಕ್ಕೆ ಮುಂಚೆ ಕೊಳೆ ಬರದ ಹಾಗೆ ಅಡಿಕೆ ಗೊನೆಗೆ?

ನಾನು: ಕೊಟ್ಟೆ ಕಟ್ಟೋದು. ಈಗಲೂ ಕಟ್ಟಿಸ್ತೇವೆ, ಪ್ಲಾಸ್ಟಿಕ್ ಕೊಟ್ಟೆ.

ಪಾಲಿಹೌಸ್: ಆ ಕೊಟ್ಟೆಯ ಬಾಯಿ ಎಲ್ಲಿರುತ್ತೆ?

ನಾನು: ಕೆಳಗೆ. ತೆರೆದೇ ಇರುತ್ತೆ.

ಪಾಲಿಹೌಸ್: ಎಂತಕ್ಕೆ? ಕೆಳಗೂ ಕಟ್ಟಿಬಿಡಬಹುದಿತ್ತಲ್ಲ.

ನಾನು: ಕಟ್ಟಿದರೆ ಗೊನೆ ಬೆಂದು... (ನಿಲ್ಲಿಸಿದೆ.)

ಪಾಲಿಹೌಸ್: ಬರೆದುಕೊಳ್ಳಿ, ಬರೆದುಕೊಳ್ಳಿ. ನಾನು ಅಂದರೆ ನೆಲದ ಮೇಲೆ ಕೂತ ದೊಡ್ಡ ಕೊಟ್ಟೆ, ಅಷ್ಟೇ. ಮಳೆ ಬರೋದು ಮೇಲಿಂದ. ಮೇಲೆ ಹಾಳೆ ಇದ್ದರೆ ಸಾಕು. ಪಕ್ಕಕ್ಕೆ ಇರಚಲು ತಡೆಯೋಕೆ ಒಂದು ಪರದೆ, ಬೇಕಾದಾಗ ಬಿಡೋದು, ಬೇಡವಾದಾಗ ಕೊಳವೆಗೆ ಸುತ್ತಿ ಮೇಲಕ್ಕೆತ್ತೋದು. ಚಾಪೆ ಸುತ್ತೋಕೆ ಬರುತ್ತಲ್ಲ ನಿಮಗೆ? ಉದ್ದದ ಎರಡೂ ಬದಿ ಎರಡಡಿ ಎತ್ತರ ಎತ್ತಿಬಿಟ್ಟರೆ ಅಲ್ಲೇ ಎಂಬತ್ತು ಚದರಡಿ ತೆರಪು. ಬೆನ್ನಿನ ಮೇಲೆ, ನೆತ್ತಿಯ ಗಳುವಿನ ಗುಂಟ, ಒಂದು ಕಡೆಯ ಹಾಳೆ ಇನ್ನೊಂದರ ಮೇಲೆ ಅರ್ಧ ಅಡಿ ಎತ್ತರದಲ್ಲಿ ಚಾಚಿಕೊಳ್ಳೋ ಹಾಗೆ ಬಿಟ್ಟರೆ ಬಿಸಿ ಗಾಳಿಗೆ ದಾರಿ. ಮಳೆ ಒಳಗೆ ಬರೋದಿಲ್ಲ. ನಿಮ್ಮ ಭಾವ ಅಡಿಕೆ ಒಣಗಿಸೋಕೆ ಕಟ್ಟಿದ ಪ್ಲಾಸ್ಟಿಕ್ ಮನೆ ನೋಡಿದ್ದೀರಲ್ಲ? ಅದು ನನ್ನ ದಾಯಾದಿ. ಅಲ್ಲಿ ಕಾಯೋದೇ ಕೆಲಸ, ಆದರೂ ಹಸಿ ಹೋಗೋಕೆ ಮೇಲೆ ಕಿಂಡಿ ಇಟ್ಟಿದ್ದಾರೆ. ಒಣಗಿಸೋ ಮನೆಗೆ ಕಿಂಡಿ, ಬೆಳೆಯೋ ಮನೆಗೆ ಇಲ್ಲ!

ನಾನು: ಗಾಳಿ ಯಾವ ಕಡೆಯಿಂದ ಬರುತ್ತೆ ಅಂತ...

ಪಾಲಿಹೌಸ್: ಮಧ್ಯಾಹ್ನದ ಮೇಲೆ ಪಡುವಲಿಂದ, ಹಿನ್ನೀರಿನ ಮೇಲಿಂದ ಬರುತ್ತೆ. ನೀವು ವಾಸ್ತು ನೋಡಿ ಬಾಗಿಲನ್ನು ಪೂರ್ವಕ್ಕಿಟ್ಟಿರಿ. ಟೊಮೆಟೊಗೆ ಗೃಹಪ್ರವೇಶ ಮಾಡಿಸೋದೊಂದು ಬಾಕಿ ಇತ್ತು. ಜಾಗದ ವಿಷಯವನ್ನೂ ಕೇಳಿಬಿಡಿ. ಹೆಸರಲ್ಲೇ ಹೊನ್ನೆ ಮರ ಇಟ್ಟುಕೊಂಡ ಊರಲ್ಲಿ, ಸುತ್ತ ಕಾಡು ಇರೋ ಹಿತ್ತಲಲ್ಲಿ, ಇಡೀ ದಿನ ಒಂದು ಎಲೆಯ ನೆರಳೂ ಬೀಳದ ಜಾಗ ಹುಡುಕಿ ನನ್ನನ್ನು ನಿಲ್ಲಿಸಿದ್ದೀರಿ. ಅದಕ್ಕೂ ಕಷ್ಟಪಟ್ಟಿರಬೇಕು.

ನಾನು: ಈಗ ಜಾಗ ಬದಲಿಸೋಕೆ ಆಗೋದಿಲ್ಲ. ಶೇಡ್ ನೆಟ್ ತರಬಹುದು. ತಂದೂ ಇದ್ದೇನೆ, ಒಳಗೆ ಕಟ್ಟಬೇಕು ಅಂತ.

ಪಾಲಿಹೌಸ್: ಒಳಗೆ ಕಟ್ಟಿದರೆ ಬಿಸಿಲು ಒಳಗೆ ಬಂದಾಯ್ತು, ನೆಟ್ಟೇ ಕಾದು ಆ ಶಾಖವನ್ನು ಒಳಗೇ ಬಿಡುತ್ತೆ. ಹೊರಗೆ ಕಟ್ಟಿ. ನನ್ನ ಮೈಗೆ ತಾಗಿಸಬೇಡಿ, ಒಂದಡಿ ಮೇಲೆ, ನಡುವೆ ಗಾಳಿ ಹಾಯೋ ಹಾಗೆ. ಮೂವತ್ತೈದರಿಂದ ಐವತ್ತು ಪರ್ಸೆಂಟಿನ ನೆಟ್ ಸಾಕು. ಎಪ್ಪತ್ತೈದರದ್ದು ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಗಿಡ ಬೆಳಕಿಲ್ಲದೆ ಉದ್ದುದ್ದ ಹೋಗುತ್ತೆ. ನೆಟ್ ಇಲ್ಲದಿದ್ದರೆ ಅಡಿಕೆ ಸೋಗೆ ಇದೆ. ಅದೂ ಇಲ್ಲದಿದ್ದರೆ ಸುಣ್ಣವನ್ನು ತೆಳ್ಳಗೆ ಮಜ್ಜಿಗೆ ಹಾಗೆ ಕಲಸಿ ನನ್ನ ಬೆನ್ನಿಗೆ ಎರಚಿ. ಮಾರ್ಚಿಯಲ್ಲಿ ಬಳಿದದ್ದು ಜೂನಿನ ಮೊದಲ ಮಳೆಗೆ ತಾನೇ ತೊಳೆದು ಹೋಗುತ್ತೆ. ಬೇಡವಾದ ದಿನವೇ ಹೇಳದೆ ಕೆಲಸ ಬಿಟ್ಟು ಹೋಗೋ ಅಂಥ ಆಳು ನಿಮಗೆ ಇನ್ನೆಲ್ಲಿ ಸಿಕ್ಕಾನು? ಆದರೆ ಸೋಗೆ, ನೆಟ್ಟು ಹಾಗಲ್ಲ, ಮಳೆ ಹಿಡಿದ ಮೇಲೆ ನೀವೇ ತೆಗೀಬೇಕು. ಜುಲೈಯಲ್ಲಿ ಈ ಸೀಮೆಯಲ್ಲಿ ಬೆಳಕಿಗೇ ಬರಗಾಲ.

ನಾನು: ಇಷ್ಟೆಲ್ಲ ತೆರೆದಿಟ್ಟರೆ ಮಂಗ? ನಿಮಗೆ ಗೊತ್ತಿಲ್ಲ, ಒಂದು ಹಿಂಡು ಬಂದರೆ...

ಪಾಲಿಹೌಸ್: ಗೊತ್ತಿಲ್ಲದೆ ಏನು? ನನ್ನ ಮೇಲೆ ಜಾರುಬಂಡೆ ಆಡೋದು ಅವೇ. ಹಿನ್ನೀರಿನಲ್ಲಿ ಮೀನು ಹಿಡಿಯೋರ ಹತ್ತಿರ ಹಳೇ ಬಲೆ ಸಿಗುತ್ತೆ. ಬದಿಗೆ ಅದನ್ನು ಬಿಗಿಯಾಗಿ ಕಟ್ಟಿದರೆ ಮಂಗಕ್ಕೆ ತಡೆ, ಗಾಳಿಗೆ ತಡೆ ಇಲ್ಲ. ಬಿಳಿನೊಣಕ್ಕೂ ತಡೆ ಬೇಕು ಅಂತ ನಲವತ್ತು ಮೆಶ್ಶಿನ ಕೀಟಬಲೆ ಹಾಕೋರಿದ್ದಾರೆ. ಹಾಕಬಹುದು. ಆದರೆ ಅಷ್ಟು ಸಣ್ಣ ಕಣ್ಣಿನಲ್ಲಿ ಗಾಳಿಯೂ ಕುಂಟುತ್ತೆ, ತೆರಪನ್ನು ಇನ್ನೂ ದೊಡ್ಡದು ಮಾಡಬೇಕು. ಜೊತೆಗೆ ದುಂಬಿಯೂ ಒಳಗೆ ಬರೋಲ್ಲ.

ನಾನು: ದುಂಬಿ ಯಾಕೆ? ನಮ್ಮಲ್ಲಿ ತುಡುವೆ ಪೆಟ್ಟಿಗೆ ಇದೆಯಲ್ಲ.

ಪಾಲಿಹೌಸ್: ತುಡುವೆಗೆ ಟೊಮೆಟೊ ಹೂವು ಒಲಿಯೋದಿಲ್ಲ. ಅದರ ಪರಾಗ ಉಪ್ಪಿನ ಡಬ್ಬಿಯೊಳಗೆ ಇದ್ದ ಹಾಗೆ ಇರುತ್ತೆ, ಅಲುಗಿಸಿದರೆ ಮಾತ್ರ ಉದುರೋದು. ಮರ ಕೊರೆಯೋ ಕಪ್ಪು ದುಂಬಿ, ನೀಲಿ ಪಟ್ಟೆಯ ಒಂಟಿ ಜೇನು, ಇವು ಹೂವನ್ನು ಅಪ್ಪಿ ಹಿಡಿದು ಗುಂಯ್ ಅಂತ ಮೈ ನಡುಗಿಸ್ತವೆ. ಅವು ಬರದಿದ್ದರೆ ಬೆಳಿಗ್ಗೆ ಹತ್ತರ ಹೊತ್ತಿಗೆ ನೀವೇ ಬಂದು ಗಿಡ ಕಟ್ಟಿದ ಹುರಿಯನ್ನು ಬೆರಳಿಂದ ಮೀಟಬೇಕು. ತಂಬೂರಿ ಮೀಟಿದ ಹಾಗೆ. ನೀವು ಹತ್ತಕ್ಕೆ ಏಳ್ತೀರೋ ಇಲ್ಲವೋ, ಅದು ನಿಮ್ಮ ಮನೆ ವಿಷಯ.

ನಾನು: ಏಳ್ತೇನೆ. ಆದರೆ ದಿನಾ ಬೆಳಿಗ್ಗೆ ಪರದೆ ಎತ್ತೋದು, ಸಂಜೆ ಇಳಿಸೋದು, ಮಧ್ಯೆ ಸಾಗರಕ್ಕೆ ಹೋದರೆ...

ಪಾಲಿಹೌಸ್: ಇದನ್ನೇ ಕಾಯ್ತಾ ಇದ್ದೆ. ಆ ಕಡೆ ನೋಡಿ, ನೀರಿನ ಆಚೆ. ಪ್ರವಾಸಿ ಹುಡುಗರು ಟೆಂಟು ಹಾಕಿದ್ದಾರಲ್ಲ. ರಾತ್ರಿ ಹನ್ನೆರಡರ ತನಕ ಹಾಡು ಹೇಳ್ತಾರೆ, ಬೆಳಿಗ್ಗೆ ಎಂಟಾಗೋದ್ರೊಳಗೆ ಜಿಪ್ಪೆಳೆದು ಹೊರಗೆ. ಬೆಂಗಳೂರಿನ ಹುಡುಗರಿಗೂ ಪ್ಲಾಸ್ಟಿಕ್ಕಿನೊಳಗೆ ಎಂಟರ ಮೇಲೆ ಮಲಗೋಕಾಗಲ್ಲ ಅಂತ ಒಂದೇ ಬೆಳಿಗ್ಗೆಗೆ ಗೊತ್ತಾಗುತ್ತೆ. ನಿಮಗೆ ಇಡೀ ಬೇಸಿಗೆ ಬೇಕಾಯ್ತು.

ನಾನು: ನೀವು ವಿಷಯ ಬಿಟ್ಟು ಹೋಗ್ತಿದ್ದೀರಿ.

ಪಾಲಿಹೌಸ್: ಇಲ್ಲ, ಅಲ್ಲಿಗೇ ಬಂದೆ. ನಿಮಗೆ ಕಿಟಕಿ ತಾನೇ ತೆರೀಬೇಕು, ತಾನೇ ಮುಚ್ಚಬೇಕು. ಸರಿ. ನೀರು ಪೂರ್ತಿ ಇಳಿದ ಬೇಸಿಗೆಯಲ್ಲಿ ಮಡೆನೂರಿನ ಹತ್ತಿರ ಹಳೇ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣಿಸುತ್ತಲ್ಲ, ನೋಡಿದ್ದೀರಾ?

ನಾನು: ನೋಡಿದ್ದೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಅದು ಮುಳುಗಿತು. ಫೋಟೋ ತೆಗೆದು ಸ್ಟೇಟಸ್ ಹಾಕಿದ್ದೆ.

ಪಾಲಿಹೌಸ್: ಅದರ ಬೆನ್ನಲ್ಲಿ ದೊಡ್ಡ ಬಾವಿಗಳ ಹಾಗೆ ದುಂಡಗೆ ನಿಂತಿದ್ದವಲ್ಲ, ಅವು ಏನು ಅಂತ ಸ್ಟೇಟಸ್ಸಿನಲ್ಲಿ ಬರೆದಿದ್ದಿರಾ?

ನಾನು: ‘ವಾವ್’ ಅಂತ ಬರೆದಿದ್ದೆ.

ಪಾಲಿಹೌಸ್: ಅವು ಸೈಫನ್‌ಗಳು. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ ಅಯ್ಯರ್ ಅವರ ವಿನ್ಯಾಸ. ನೀರು ಗೊತ್ತಾದ ಮಟ್ಟ ಮುಟ್ಟಿತೋ, ಯಾರೂ ಗೇಟು ತಿರುಗಿಸಬೇಕಿಲ್ಲ, ಕರೆಂಟೂ ಬೇಡ, ಹೆಚ್ಚಾದ ನೀರನ್ನು ತಾನೇ ಎಳೆದು ಹೊರಗೆ ಸುರಿಯುತ್ತೆ. ಇಳಿದರೆ ತಾನೇ ನಿಲ್ಲುತ್ತೆ. ಹೆಚ್ಚಾದದ್ದು ಹೋಗೋಕೆ ಮೊದಲು ದಾರಿ ಮಾಡು, ಆಮೇಲೆ ತುಂಬಿಸು ಅನ್ನೋದನ್ನು ಅವರು ಕಲ್ಲಿನಲ್ಲಿ ಕಟ್ಟಿಟ್ಟು ಹೋದರು. ಹಸಿರುಮನೆಯ ಕಿಟಕಿಗೂ ಅಂಥದ್ದೊಂದು ಸಿಗುತ್ತೆ. ಒಂದು ಗಿಡ್ಡ ಕೊಳವೆ, ಒಳಗೆ ಮೇಣ. ಕಾದಾಗ ಮೇಣ ಉಬ್ಬಿ ಒಂದು ಸರಳನ್ನು ಮುಂದೆ ತಳ್ಳುತ್ತೆ, ಕಿಟಕಿ ಏಳುತ್ತೆ. ತಣಿದಾಗ ಮೇಣ ಕುಗ್ಗಿ ಕಿಟಕಿ ಇಳಿಯುತ್ತೆ. ನೀವು ಸಾಗರಕ್ಕೆ ಹೋಗಿ, ಬೆಂಗಳೂರಿಗೆ ಹೋಗಿ. ಅದು ದುಬಾರಿ ಅನ್ನಿಸಿದರೆ ಬೇಸಿಗೆ ಪೂರ್ತಿ ಪರದೆ ಎತ್ತೇ ಇಟ್ಟುಬಿಡಿ. ಈ ಸೀಮೆಯಲ್ಲಿ ಏಪ್ರಿಲಿನ ರಾತ್ರಿ ಟೊಮೆಟೊಗೆ ಚಳಿಯಾಗಿ ನಡುಗಿತು ಅಂತ ಯಾರೂ ಕೇಳಿಲ್ಲ.

(ಉಷ್ಣಮಾಪಕ 47. ನೋಟ್‌ಬುಕ್ಕಿನ ಪುಟ ಬೆವರಿಗೆ ಒದ್ದೆಯಾಗಿ ಪೆನ್ನು ಓಡುವುದು ನಿಂತಿತು. ಮುಂದಿನದು ನೆನಪಿನಿಂದ ಬರೆದದ್ದು.)

ನಾನು: ಇದನ್ನೆಲ್ಲ ಮೊದಲೇ ಹೇಳಬಹುದಿತ್ತು.

ಪಾಲಿಹೌಸ್: ಯಾರಿಗೆ? ಇದೇ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆಗೆ ಅಂತಲೇ ಒಂದು ವಿಶ್ವವಿದ್ಯಾಲಯ ಇದೆ, ಕೆಳದಿ ಶಿವಪ್ಪ ನಾಯಕರ ಹೆಸರಲ್ಲಿ. ಅಲ್ಲಿಗೆ ಹೋಗಿ ಕೇಳಬಹುದಿತ್ತು. ದೂರ ಆಯ್ತು ಅಂದಿರಿ. ಹಿಮದ ದೇಶದ ವಿಡಿಯೋ ಹತ್ತಿರ ಆಯ್ತು.

ನಾನು: ಮಾಡ್ತೇನೆ. ಇವತ್ತೇ ಬದಿ ಕತ್ತರಿಸಿ ಪರದೆ ಮಾಡ್ತೇನೆ. ಸೋಗೆ ತರಿಸ್ತೇನೆ. ಕೊನೆಯದಾಗಿ ನಮ್ಮ ಓದುಗರಿಗೆ ಒಂದು ಮಾತು?

ಪಾಲಿಹೌಸ್: ಓದುಗರಿಗೆ ಏನೂ ಇಲ್ಲ, ಅವರು ತಂಪಲ್ಲಿ ಕೂತು ಓದ್ತಾರೆ. ನಿಮಗೆ ಒಂದಿದೆ.

ನಾನು: ಹೇಳಿ.

ಪಾಲಿಹೌಸ್: ಬಂದಾಗಿನಿಂದ ಮುಕ್ಕಾಲು ಗಂಟೆ ಗಾಳಿಯ ಮಾತೇ ಆಡಿದ್ದೇವೆ. ಆ ಬಾಗಿಲು ಇನ್ನೂ ಮುಚ್ಚೇ ಇದೆ.

ಎದ್ದು ಬಾಗಿಲು ದೂಡಿದೆ. ಹಿನ್ನೀರಿನ ಕಡೆಯಿಂದ ಗಾಳಿ ಬೀಸುತ್ತಿತ್ತು, ಆದರೆ ಅದು ನನ್ನ ಪೂರ್ವದ ಬಾಗಿಲನ್ನು ಹುಡುಕಿಕೊಂಡು ಸುತ್ತಿ ಬರುವ ಉಮೇದಿನಲ್ಲಿ ಇರಲಿಲ್ಲ. ಕತ್ತಿ ಎಲ್ಲಿಟ್ಟೆ ಎಂದು ಹುಡುಕುತ್ತಿದ್ದಾಗ ಅಡುಗೆಮನೆಯಿಂದ ಅಮ್ಮನ ದನಿ ಬಂತು.

“ಏಯ್, ಸಾರು ಕುದೀತಾ ಇದೆ. ನಿನ್ನ ಟೊಮೆಟೊ ಏನಾದ್ರೂ ಸಿಕ್ತಾ, ಇಲ್ಲ ಅಟ್ಟದ ಮೇಲಿನ ವಾಟೆಹುಳಿ ಹಾಕ್ಲಾ?”

“ವಾಟೆ ಹಾಕು” ಎಂದೆ.